ಫ್ಲಾಟ್ 101 ಸರಿ, 201 ತಪ್ಪು: ಬಗ್ ಹುಡುಕೋ ಟೂಲ್ ಹೇಳಿದ್ದನ್ನೆಲ್ಲಾ ನಂಬಬೇಕಾ?

ಪ್ರಶ್ನೆ: ನಮ್ಮದು ಚಿಕ್ಕ ಟೀಮ್. ಅಪಾರ್ಟ್‌ಮೆಂಟ್‌ಗಳ ಮೇಂಟೆನೆನ್ಸ್ ಲೆಕ್ಕ ಇಡುವ ಸಾಫ್ಟ್‌ವೇರ್ ಮಾಡುತ್ತೇವೆ, ಜಾವಾದಲ್ಲಿ. ಹೋದ ತಿಂಗಳು ನಮ್ಮ ಲೀಡ್ ಬಿಲ್ಡ್‌ಗೆ ಸ್ಪಾಟ್‌ಬಗ್ಸ್ ಅನ್ನುವ ಬಗ್ ಹುಡುಕೋ ಟೂಲ್ ಸೇರಿಸಿದರು. ಮೊದಲ ದಿನವೇ ಎರಡು ಸಾವಿರ ಚಿಲ್ಲರೆ ವಾರ್ನಿಂಗ್ ಬಂತು! ಕೋಡ್ ಮೂರು ವರ್ಷದಿಂದ ಚೆನ್ನಾಗಿಯೇ ಓಡುತ್ತಿದೆ. ಕೆಲವು ವಾರ್ನಿಂಗ್ ತೆರೆದು ನೋಡಿದೆ, ಸುಮ್ನೆ ಕಿರಿಕಿರಿ. ಈ ಟೂಲ್ ಆಫ್ ಮಾಡಿದರೆ ಏನು ನಷ್ಟ?
— ಓದುಗರೊಬ್ಬರು, ವೈಟ್‌ಫೀಲ್ಡ್

ಉತ್ತರ: ಆಫ್ ಮಾಡಬೇಡಿ. ಹಾಗಂತ ಎರಡು ಸಾವಿರವನ್ನೂ ಸರಿಮಾಡೋಕೆ ಕೂರಬೇಡಿ.

ಮೊದಲು ಒಂದು ಕೆಲಸ ಮಾಡಿ. ಆ ಪಟ್ಟಿಯಲ್ಲಿ ರೆಫರೆನ್ಸ್ ಹೋಲಿಕೆಯ ವಾರ್ನಿಂಗ್ ಇದೆಯಾ ಹುಡುಕಿ. ನಿಮ್ಮಲ್ಲಿ ಫ್ಲಾಟ್ ನಂಬರ್ ಇದ್ದೇ ಇರುತ್ತದೆ. ಅದನ್ನು ಇಂಟಿಜರ್ ಆಬ್ಜೆಕ್ಟ್ ಆಗಿ ಇಟ್ಟು, ಯಾರೋ ಅವಸರದಲ್ಲಿ == ಹಾಕಿ ಹೋಲಿಸಿದ್ದಾರೆ ಅಂದುಕೊಳ್ಳಿ. ಎರಡು ಕಡೆಯ ಬೆಲೆ (ವ್ಯಾಲ್ಯೂ) ಒಂದೇನಾ ಅಂತ == ನೋಡುವುದಿಲ್ಲ. ಎರಡೂ ಒಂದೇ ಆಬ್ಜೆಕ್ಟಾ ಅಂತ ನೋಡುತ್ತದೆ. ಜಾವಾ −128ರಿಂದ 127ರವರೆಗಿನ ಸಂಖ್ಯೆಗಳಿಗೆ ಆಬ್ಜೆಕ್ಟ್‌ಗಳನ್ನು ಮೊದಲೇ ಮಾಡಿಟ್ಟುಕೊಂಡಿರುತ್ತದೆ, ಕೇಳಿದಾಗಲೆಲ್ಲ ಅದನ್ನೇ ಕೊಡುತ್ತದೆ. ಹಾಗಾಗಿ ಫ್ಲಾಟ್ 101ನ್ನು 101ರ ಜೊತೆ ಹೋಲಿಸಿದರೆ ಉತ್ತರ ಸರಿ ಬರುತ್ತದೆ. 201ಕ್ಕೆ ಸಾಮಾನ್ಯವಾಗಿ ಪ್ರತಿ ಸಲ ಹೊಸ ಆಬ್ಜೆಕ್ಟ್. ಬೆಲೆ ಒಂದೇ ಇದ್ದರೂ ಹೋಲಿಕೆ ಸುಳ್ಳಾಗುತ್ತದೆ. ಮೊದಲ ಮಹಡಿಯವರ ಹಣ ಜಮಾ ಆಗುತ್ತದೆ, ಎರಡನೇ ಮಹಡಿಯವರದ್ದು ಬಾಕಿ ತೋರಿಸುತ್ತದೆ. ಟೆಸ್ಟ್ ಮಾಡುವವರು 101, 102 ಹಾಕಿ ನೋಡಿ ಓಕೆ ಅಂದಿರುತ್ತಾರೆ, ಅಲ್ವಾ? ಟೂಲ್ ಮಾತ್ರ ಪ್ರೋಗ್ರಾಮ್ ಓಡಿಸದೆಯೇ ಇದನ್ನು ಹಿಡಿಯುತ್ತದೆ.

ಹೇಗೆ ಅಂದರೆ, ಸ್ಪಾಟ್‌ಬಗ್ಸ್ ಓದುವುದು ನೀವು ಬರೆದ ಸಾಲುಗಳನ್ನಲ್ಲ, ಕಂಪೈಲ್ ಆದ ಮೇಲೆ ಜಾವಾ ಓಡಿಸುವ ರೂಪವಾದ ಬೈಟ್‌ಕೋಡ್ ಅನ್ನು. ಜನ ಮತ್ತೆ ಮತ್ತೆ ಮಾಡುವ ತಪ್ಪುಗಳ ಮಾದರಿ ಅದರ ಬಳಿ 400ಕ್ಕೂ ಜಾಸ್ತಿ ಇವೆ. ಕೆಲವಂತೂ ಜಾಣತನದವು. ಒಂದು ಫಂಕ್ಷನ್‌ನಲ್ಲಿ ಮೇಲೆ ಮಾಲೀಕರ ಹೆಸರು ತೆಗೆದು ಬಳಸಿದ್ದೀರಿ, ನಾಲ್ಕು ಸಾಲು ಕೆಳಗೆ ಮಾಲೀಕರು ನಲ್ (ಅಂದರೆ ಅಲ್ಲಿ ಏನೂ ಇಲ್ಲ) ಆಗಿದ್ದಾರಾ ಅಂತ ಚೆಕ್ ಮಾಡಿದ್ದೀರಿ. ನಲ್ ಆಗಿದ್ದರೆ ಪ್ರೋಗ್ರಾಮ್ ಮೇಲೆಯೇ ಬಿದ್ದುಹೋಗುತ್ತಿತ್ತು. ಆಗುವುದೇ ಇಲ್ಲ ಅನ್ನುವುದಾದರೆ ಕೆಳಗಿನ ಚೆಕ್ ಯಾಕೆ? ನಿಮ್ಮ ಮಾತಿಗೆ ನೀವೇ ಎದುರಾಡುತ್ತಿದ್ದೀರಿ ಅಂತ ಟೂಲ್ ಬೊಟ್ಟು ಮಾಡುತ್ತದೆ. ನನಗೆ ಇಷ್ಟವಾದ ವಾರ್ನಿಂಗ್ ಇದು, ಇಂಥದ್ದನ್ನು ಯಾವತ್ತೂ ತಳ್ಳಿಹಾಕಬೇಡಿ.

ಸುಳ್ಳು ವಾರ್ನಿಂಗ್ ಪೂರ್ತಿ ತಪ್ಪುವುದಿಲ್ಲ. ಯಾವ ಪ್ರೋಗ್ರಾಮ್ ಕೊಟ್ಟರೂ ಅದು ಓಡುವಾಗ ಹೇಗೆ ನಡೆದುಕೊಳ್ಳುತ್ತದೆ ಅನ್ನುವುದನ್ನು ಎಲ್ಲ ಸಂದರ್ಭದಲ್ಲೂ ನಿಖರವಾಗಿ ಹೇಳುವ ಇನ್ನೊಂದು ಪ್ರೋಗ್ರಾಮ್ ಬರೆಯಲು ಆಗುವುದೇ ಇಲ್ಲ ಅಂತ ಗಣಿತಜ್ಞ ಹೆನ್ರಿ ರೈಸ್ 1953ರಲ್ಲೇ ಗಣಿತದಿಂದ ತೋರಿಸಿದರು. ಹಾಗಾಗಿ ಟೂಲ್ ಮಾಡುವವರು ಕೆಲವು ಬಗ್ ಬಿಟ್ಟುಹೋಗಲಿ ಅನ್ನಬೇಕು, ಇಲ್ಲವೇ ಸುಮ್ಮನೆ ಕೂಗಿದರೂ ಪರವಾಗಿಲ್ಲ ಅನ್ನಬೇಕು. ಹೆಚ್ಚಿನವು ಎರಡನ್ನೂ ಸ್ವಲ್ಪ ಸ್ವಲ್ಪ ಮಾಡುತ್ತವೆ. 1978ರಲ್ಲಿ ಬೆಲ್ ಲ್ಯಾಬ್ಸ್‌ನ ಸ್ಟೀಫನ್ ಜಾನ್ಸನ್ ಸಿ ಭಾಷೆಗೆ ಬರೆದ ಇಂಥದ್ದೇ ಟೂಲ್ ಲಿಂಟ್‌ನಿಂದ ಇವತ್ತಿನವರೆಗೂ ಇದೇ ಕಥೆ.

ಅಂದಮಾತ್ರಕ್ಕೆ ವಾರ್ನಿಂಗ್ ಬಂದ್ ಮಾಡುವುದು ಪರಿಹಾರವಲ್ಲ. 2014ರಲ್ಲಿ ಆಪಲ್‌ನ ಭದ್ರತಾ ಕೋಡ್‌ನಲ್ಲಿ ‘ಗೋಟು ಫೇಲ್’ ಅನ್ನುವ ಒಂದೇ ಸಾಲು (ಫೇಲ್ ಅನ್ನುವ ಜಾಗಕ್ಕೆ ಜಿಗಿಯಲು ಹೇಳುವ ಸಾಲು) ಎರಡು ಸಲ ಬಿದ್ದಿರುವುದು ಬಯಲಾಯಿತು. ಅದರಿಂದ ಸಂಪರ್ಕದ ಸಹಿ ಪರೀಕ್ಷಿಸುವ ಹೆಜ್ಜೆಯೇ ಹಾರಿಹೋಯಿತು. ಕೆಳಗಿನ ಕೋಡ್‌ಗೆ ಪ್ರೋಗ್ರಾಮ್ ತಲುಪುವುದೇ ಇಲ್ಲ ಅಂತ ಹೇಳುವ ವಾರ್ನಿಂಗ್ ಆಗಲೇ ಕ್ಲ್ಯಾಂಗ್ ಕಂಪೈಲರ್‌ನಲ್ಲಿ ಇತ್ತು. ಅದನ್ನು ಬೇರೆಯಾಗಿ ಆನ್ ಮಾಡಿಕೊಳ್ಳಬೇಕಿತ್ತು, ಅಷ್ಟೇ.

ನೀವು ಹೀಗೆ ಮಾಡಿ. ಈಗಿರುವ ವಾರ್ನಿಂಗ್‌ಗಳನ್ನೆಲ್ಲ ಬೇಸ್‌ಲೈನ್ ಅಂತ ಒಂದು ಫೈಲ್‌ಗೆ ಉಳಿಸಿ. ಇನ್ನು ಮುಂದೆ ಹೊಸದಾಗಿ ಬಂದದ್ದಕ್ಕೆ ಮಾತ್ರ ಬಿಲ್ಡ್ ನಿಲ್ಲಲಿ. ಅದೂ ನಲ್, ತಪ್ಪು ಹೋಲಿಕೆ, ಮುಚ್ಚದ ಫೈಲ್ ಅಥವಾ ಡೇಟಾಬೇಸ್ ಕನೆಕ್ಷನ್, ಇಷ್ಟಕ್ಕೆ ಸಾಕು. ಹೆಸರಿಡುವ ರೀತಿಯ ಬಗ್ಗೆ ತಕರಾರು ಮಾಡುವ ನಿಯಮಗಳನ್ನು ತೆಗೆದುಬಿಡಿ. ಹಳೆಯ ಕೋಡನ್ನು ಬೇರೆ ಕೆಲಸಕ್ಕೆ ಮುಟ್ಟಿದಾಗ ಅಲ್ಲಿನದ್ದನ್ನು ಸರಿಮಾಡಿ. ಓಡುತ್ತಿರುವುದನ್ನು ವಾರ್ನಿಂಗ್ ಕಡಿಮೆ ತೋರಿಸಲಿಕ್ಕೆಂದೇ ತಿದ್ದಲು ಹೋದರೆ ಹೊಸ ಬಗ್ ಗ್ಯಾರಂಟಿ. ಸುಳ್ಳು ವಾರ್ನಿಂಗ್ ಮುಚ್ಚುವಾಗ ಕಾರಣ ಬರೆಯಿರಿ. ಸ್ಪಾಟ್‌ಬಗ್ಸ್‌ನ ಅನೊಟೇಶನ್‌ನಲ್ಲಿ (ಕೋಡ್ ಮೇಲೆ ಬರೆಯುವ ಗುರುತು) ಅದಕ್ಕೆಂದೇ ಜಾಗವಿದೆ. ಆರು ತಿಂಗಳ ನಂತರ ಕೆಲಸಕ್ಕೆ ಸೇರುವವರು ನಿಮ್ಮನ್ನು ಬೈಯುವುದಿಲ್ಲ.

ಲೇಟ್ ಫೀ 10ನೇ ತಾರೀಖಿನಿಂದ ಹಾಕಬೇಕೋ 11ರಿಂದಲೋ ಅನ್ನುವುದು ಮಾತ್ರ ಯಾವ ಟೂಲ್‌ಗೂ ಗೊತ್ತಿಲ್ಲ. ಅದಕ್ಕೆ ಟೆಸ್ಟ್ ಬರೆಯಲೇಬೇಕು.

ಪ್ರಶ್ನೆ: ನಾನು ಇಂಜಿನಿಯರಿಂಗ್ ಎರಡನೇ ವರ್ಷ, ಪೈಥಾನ್ ಕಲಿಯುತ್ತಿದ್ದೇನೆ. ಎಐ ಕೋಡ್ ನೋಡಿ ತಪ್ಪು ಹೇಳುತ್ತದೆ. ಲಿಂಟರ್ (ಕೋಡ್ ಓಡಿಸದೆ ತಪ್ಪು ಹುಡುಕೋ ಟೂಲ್) ಇನ್ನೂ ಬೇಕಾ ಸಾರ್?
— ವಿದ್ಯಾರ್ಥಿನಿ, ಬಸವನಗುಡಿ

ಉತ್ತರ: ಬೇಕಮ್ಮ. ಎಐ ಇವತ್ತು ಹೇಳಿದ ತಪ್ಪನ್ನು ನಾಳೆ ಹೇಳದೇ ಇರಬಹುದು. ಲಿಂಟರ್ ಅದೇ ಕೋಡ್‌ಗೆ, ಅದೇ ನಿಯಮಗಳಿಗೆ ಪ್ರತಿ ಸಲ ಅದೇ ಉತ್ತರ ಕೊಡುತ್ತದೆ. ರಫ್ ಅನ್ನುವ ಪೈಥಾನ್ ಲಿಂಟರ್ ಹಾಕಿಕೊಳ್ಳಿ, ಉಚಿತ, ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಸುತ್ತದೆ. ಅದರಲ್ಲಿ ಬಿ006 ಅನ್ನುವ ನಿಯಮವನ್ನು ನೀವೇ ಆನ್ ಮಾಡಬೇಕು. ಫಂಕ್ಷನ್‌ನ ಡೀಫಾಲ್ಟ್ ಬೆಲೆಯಾಗಿ ಖಾಲಿ ಲಿಸ್ಟ್ ಕೊಟ್ಟರೆ ಇದು ಎಚ್ಚರಿಸುತ್ತದೆ. ಪೈಥಾನ್ ಆ ಲಿಸ್ಟನ್ನು ಫಂಕ್ಷನ್ ಬರೆದ ಜಾಗದಲ್ಲಿ ಒಂದೇ ಸಲ ಮಾಡುತ್ತದೆ, ಹಿಂದಿನ ಕರೆಯಲ್ಲಿ ಸೇರಿಸಿದ್ದು ಮುಂದಿನ ಕರೆಯಲ್ಲೂ ಉಳಿದಿರುತ್ತದೆ. ಎರಡು ಸಲ ಕರೆದು ಪ್ರಿಂಟ್ ಮಾಡಿ ನೋಡಿ.