ಸ್ಟುಟ್‌ಗಾರ್ಟ್ ಆಫೀಸಲ್ಲಿ ಮೂರು ತಿಂಗಳು: ಒಬ್ಬ ತಮ್ಮನಿಗೆ ಉತ್ತರ

ತಮ್ಮಾ, ನಿನ್ನ ಮೆಸೇಜ್ ಪೂರ್ತಿ ಓದ್ದೆ. (ಅಣ್ಣಾ ಅಂತ ಕರ್ದಿದ್ಯಲ್ಲ, ಅದಕ್ಕೆ ಏಕವಚನದಲ್ಲೇ ಬರೀತಿದೀನಿ, ಬೇಜಾರಿಲ್ಲ ತಾನೆ.) ಬೆಂಗಳೂರಿಂದ ಜರ್ಮನಿಗೆ ಬಂದು ಮೂರು ತಿಂಗಳಾಯ್ತು, ಟೀಮಲ್ಲಿ ಯಾರೂ ತಾವಾಗೇ ಮಾತಾಡ್ಸಲ್ಲ, ರಿವ್ಯೂ ಮೀಟಿಂಗಲ್ಲಿ ಒಬ್ಬರು ಸೀನಿಯರ್ ಎಲ್ಲರ ಮುಂದೇನೇ ಈ ಡಿಸೈನ್ ಸರಿಯಿಲ್ಲ ಅಂದ್ಬಿಟ್ರು, ಅವತ್ತು ರಾತ್ರಿ ಹನ್ನೊಂದರ ತನಕ ಕೂತು ಸರಿಮಾಡಿ ಮೇಲ್ ಹಾಕಿದ್ರೆ ಬಾಸ್ ಥ್ಯಾಂಕ್ಸ್ ಹೇಳೋದಿರ್ಲಿ, ಮುಖ ಗಂಟು ಹಾಕ್ಕೊಂಡು ಹೀಗೆಲ್ಲ ರಾತ್ರಿ ಕೆಲಸ ಮಾಡ್ಬೇಡ ಅಂದ್ರು, ಪ್ರೊಬೇಷನ್‌ನಲ್ಲೇ ಮನೆಗೆ ಕಳಿಸ್ತಾರಾ ಅಂತ ಕೇಳಿದ್ಯ. ಇಲ್ಲಿ ದಶಕದ ಮೇಲೆ ಕೆಲಸ ಮಾಡಿರೋ ನನಗೆ ನೀನು ಬರೆದಿದ್ರಲ್ಲಿ ಗಾಬರಿಪಡೋ ವಿಷಯ ಒಂದೇ ಕಾಣ್ತಿರೋದು, ಅದು ನೀನು ಅಂದ್ಕೊಂಡಿರೋದಲ್ಲ. ಅದಕ್ಕೆ ಆಮೇಲೆ ಬರ್ತೀನಿ.

ಮೊದ್ಲು ಆ ರಾತ್ರಿ ಮೇಲ್. ಇಲ್ಲಿ ಕೆಲಸದ ಗಂಟೆಗೆ ಕಾನೂನೇ ಇದೆ, ದಿನಕ್ಕೆ 8 ಗಂಟೆ, ಮುಂದಿನ ವಾರಗಳಲ್ಲಿ ಕಮ್ಮಿ ಮಾಡಿ ಸರಿದೂಗಿಸೋದಾದ್ರೆ 10 ಗಂಟೆ ತನಕ, ಮತ್ತೆ ಇವತ್ತಿನ ಕೆಲಸ ಮುಗಿಸಿ ನಾಳೇದು ಶುರು ಮಾಡೋಕೆ ನಡುವೆ 11 ಗಂಟೆ ಬಿಡುವು ಇರ್ಲೇಬೇಕು. ನೀನು ರಾತ್ರಿ 11ಕ್ಕೆ ಮೇಲ್ ಹಾಕಿ ಬೆಳಿಗ್ಗೆ 8ಕ್ಕೆ ಸೀಟಲ್ಲಿದ್ರೆ ಕೇಳೋರು ನಿನ್ನನ್ನಲ್ಲ, ನಿನ್ನ ಬಾಸನ್ನ ಕೇಳ್ತಾರೆ. ಕೆಲಸದ ಗಂಟೆ ರೆಕಾರ್ಡ್ ಮಾಡೋದು ಕಂಪನಿಯ ಹೊಣೆ ಅಂತ ಇಲ್ಲಿನ ಫೆಡರಲ್ ಲೇಬರ್ ಕೋರ್ಟ್ 2022ರಲ್ಲೇ ಹೇಳಿದೆ. ದೊಡ್ಡ ಕಂಪನಿಗಳಲ್ಲಿ ಬೆಟ್ರೀಬ್ಸ್‌ರಾಟ್ ಅಂತ ನೌಕರರೇ ಓಟ್ ಹಾಕಿ ಆರಿಸೋ ಕಮಿಟಿ ಇರುತ್ತೆ, ಅವರು ಇದನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡ್ತಾರೆ. ಈ ಕಡೆ ಮೆಟಲ್ ಮತ್ತೆ ಎಲೆಕ್ಟ್ರಿಕಲ್ ಇಂಡಸ್ಟ್ರಿ ಯೂನಿಯನ್ ಒಪ್ಪಂದದಲ್ಲಿ ವಾರಕ್ಕೆ 35 ಗಂಟೆ ಅಂತ 1995ರಿಂದ ಇದೆ, ಅದಕ್ಕಾಗಿ ಸ್ಟ್ರೈಕ್ ಮಾಡಿದೋರು ಈಗ್ಲೂ ಅದನ್ನ ಹೆಮ್ಮೆಯಿಂದ ಹೇಳ್ಕೋತಾರೆ. ಅಂಥ ಜಾಗದಲ್ಲಿ ನಿದ್ದೆಗೆಟ್ಟು ದುಡಿದ್ರೆ ಶಭಾಷ್ ಅನ್ನಲ್ಲ, ಪ್ಲಾನಿಂಗ್ ಎಲ್ಲೋ ಎಡವಟ್ಟಾಗಿದೆ ಅಂದ್ಕೋತಾರೆ.

ರಿವ್ಯೂ ಮೀಟಿಂಗ್ ವಿಷಯಕ್ಕೆ ಬಂದ್ರೆ, ನೀನೇ ಬರ್ದಿದ್ಯಲ್ಲ, ಅದೇ ಮನುಷ್ಯ ಅರ್ಧ ಗಂಟೆ ಆದ್ಮೇಲೆ ಏನೂ ಆಗೇ ಇಲ್ಲ ಅನ್ನೋ ಥರ ಕ್ಯಾಂಟೀನಿಗೆ ಬರ್ತೀಯಾ ಅಂತ ಕರೆದ್ರು ಅಂತ. ಅದು ನಾಟಕ ಅಲ್ಲ ಮಾರಾಯ, ಅವರ ತಲೇಲಿ ನಿಜವಾಗ್ಲೂ ಏನೂ ಆಗಿಲ್ಲ. ನಮ್ಮಲ್ಲಿ ತಪ್ಪು ಹೇಳ್ಬೇಕಾದ್ರೆ ಪಕ್ಕಕ್ಕೆ ಕರೆದು, ಕಾಫಿ ಕೊಡ್ಸಿ, ಎರಡು ಒಳ್ಳೆ ಮಾತಾಡಿ ಆಮೇಲೆ ವಿಷಯಕ್ಕೆ ಬರ್ತೀವಿ. ಇಲ್ಲಿ ರಿವ್ಯೂ ಮೀಟಿಂಗ್ ಕರೆಯೋದೇ ತಪ್ಪು ಹುಡುಕೋಕೆ, ನೀನೂ ಅವರ ಡಿಸೈನ್‌ನಲ್ಲಿ ಹುಡುಕ್ಬಹುದು, ಹುಡುಕಿದ್ರೆ ಖುಷಿಪಡ್ತಾರೆ, ನಾನು ಕಣ್ಣಾರೆ ನೋಡಿದೀನಿ. ಆದ್ರೆ ಎಲ್ಲಾ ಒರಟುತನಕ್ಕೂ ನೇರ ಮಾತು ಅಂತ ಹೆಸರಿಟ್ಟು ನುಂಗ್ಕೋಬೇಡ. ಮಾತು ಡಿಸೈನ್ ಮೇಲಿರೋವರೆಗೂ ಸರಿ, ನಿಮ್ಮ ದೇಶದೋರೆಲ್ಲ ಹೀಗೇ ಅಂತ ಶುರುವಾದ್ರೆ ಬೇರೆ ಕಥೆ. ಅದಕ್ಕೆ 2006ರಿಂದ ತಾರತಮ್ಯ ವಿರೋಧಿ ಕಾನೂನಿದೆ, ಪರಿಹಾರ ಕೇಳೋದಾದ್ರೆ ಸಾಮಾನ್ಯವಾಗಿ ಎರಡು ತಿಂಗಳೊಳಗೆ ಬರವಣಿಗೆಯಲ್ಲಿ ಕೇಳ್ಬೇಕು, ಹಾಗಾಗಿ ತಾರೀಕು, ಯಾರಿದ್ರು, ಏನಂದ್ರು ಬರೆದಿಟ್ಕೋ. ನೀನು ಹೇಳಿದ್ದು ಆ ಥರದ್ದಲ್ಲ.

ಈಗ ಆ ಒಂದು ವಿಷಯ. ನಿನ್ನ ಮೆಸೇಜಲ್ಲಿ ನಡುವೆ ಒಂದು ಸಾಲು ಬರೆದು ಮುಂದೆ ಹೋಗ್ಬಿಟ್ಟಿದ್ಯ, 'ಬುಧವಾರಕ್ಕೆ ಆಗುತ್ತಾ ಅಂತ ಕೇಳಿದ್ರು, ಕಷ್ಟ ಇತ್ತು, ಆದ್ರೂ ಆಗುತ್ತೆ ಅಂದೆ.' ಇದೇ ನೋಡು. ನಮ್ಮ ಪ್ರಾಜೆಕ್ಟಿಗೆ ಕೆಲವು ವರ್ಷದ ಹಿಂದೆ ಹುಬ್ಬಳ್ಳಿ ಕಡೆ ಹುಡುಗ ಒಬ್ಬ ಬಂದಿದ್ದ, ಕೋಡ್ ಅಂದ್ರೆ ಚಿನ್ನದಂಥ ಕೈ. ಸೋಮವಾರ ಮೀಟಿಂಗಲ್ಲಿ ಟೆಸ್ಟಿಂಗ್ ನೋಡ್ಕೊಳ್ಳೋ ಮೇಡಂ ಒಬ್ಬರು, ಐವತ್ತು ದಾಟಿದವರು, ಪೆನ್ಸಿಲಲ್ಲಿ ಪುಸ್ತಕದಲ್ಲೇ ಪ್ಲಾನ್ ಬರ್ಕೊಳ್ಳೋರು, ಗುರುವಾರ ಬೆಳಿಗ್ಗೆ ನನಗೆ ಬಿಲ್ಡ್ (ಟೆಸ್ಟ್ ಮಾಡೋಕೆ ರೆಡಿ ಇರೋ ಸಾಫ್ಟ್‌ವೇರ್) ಸಿಗುತ್ತಾ ಅಂತ ಕೇಳಿದ್ರು. ಇವನು ಎಸ್ ಎಸ್ ಅಂದ. ಅವರು ಪುಸ್ತಕದಲ್ಲಿ ಬರ್ಕೊಂಡ್ರು, ಟೆಸ್ಟ್ ಬೆಂಚ್, ಅಂದ್ರೆ ಟೆಸ್ಟ್ ಮಾಡೋ ಸಲಕರಣೆ ಇರೋ ಜಾಗ, ಬುಕ್ ಮಾಡಿದ್ರು, ಇನ್ನೊಂದು ಟೀಮಿಗೆ ಗುರುವಾರ ಬೆಂಚ್ ಖಾಲಿ ಇಲ್ಲ ಅಂತ ಹೇಳಿ ಕಳಿಸಿದ್ರು. ಮಂಗಳವಾರಾನೇ ಇವನಿಗೆ ಗೊತ್ತಾಗಿದೆ, ಆಗಲ್ಲ ಅಂತ, ಒಂದು ಡ್ರೈವರ್ ಸಾಫ್ಟ್‌ವೇರ್ ಕೈ ಕೊಟ್ಟಿತ್ತು. ಹೇಳ್ಲಿಲ್ಲ. ರಾತ್ರಿ ಕೂತು ಮಾಡ್ಬಿಡೋಣ ಅಂದ್ಕೊಂಡ. ಗುರುವಾರ ಒಂಬತ್ತಕ್ಕೆ ಅವರು ಬೆಂಚ್ ಮುಂದೆ ನಿಂತು ಫೋನ್ ಮಾಡಿದಾಗ 'ಆಲ್ಮೋಸ್ಟ್ ಡನ್' ಅಂದ. ಅವರು ಕೂಗಾಡ್ಲಿಲ್ಲ, ಏನೂ ಅನ್ಲಿಲ್ಲ, ಪುಸ್ತಕ ತೆಗೆದು ಅವನ ಸಾಲನ್ನ ಅಳಿಸಿ ಶುಕ್ರವಾರದ ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದ್ರು. ಅಲ್ಲಿಂದ ಮುಂದೆ ತಿಂಗಳುಗಟ್ಟಲೆ ಅವನು ಏನು ಹೇಳಿದ್ರೂ ಪಕ್ಕದಲ್ಲಿ ಆ ಚಿಹ್ನೆ ಬೀಳ್ತಿತ್ತು.

ಅದೇ ಮಂಗಳವಾರ ಮಧ್ಯಾಹ್ನ ಅವರ ಸೀಟಿಗೆ ಹೋಗಿ, ಡ್ರೈವರ್ ತೊಂದ್ರೆ ಕೊಡ್ತಿದೆ, ಗುರುವಾರ ಆಗಲ್ಲ, ಶುಕ್ರವಾರ ಮಧ್ಯಾಹ್ನ ಕೊಡ್ತೀನಿ ಅಂದಿದ್ರೆ ಬೆಂಚು ಇನ್ನೊಂದು ಟೀಮಿಗೆ ಹೋಗ್ತಿತ್ತು, ಮ್ಯಾಟರ್ ಅಲ್ಲಿಗೇ ಮುಗೀತಿತ್ತು. ಇಲ್ಲಿ ಲೇಟಾಗೋದು ದೊಡ್ಡ ಅಪರಾಧ ಅಲ್ಲ, ಲೇಟಾಗುತ್ತೆ ಅಂತ ಗೊತ್ತಿದ್ದೂ ಸುಮ್ಮನಿರೋದನ್ನ ಮಾತ್ರ ಸಹಿಸಲ್ಲ. ಬೆಂಗಳೂರಲ್ಲಿ ಕ್ಲೈಂಟ್ ಮುಂದೆ, ಮ್ಯಾನೇಜರ್ ಮುಂದೆ ಇಲ್ಲ ಅನ್ನೋದು ಉದ್ಧಟತನ ಅಂತ ನಮಗೆ ವರ್ಷಗಟ್ಟಲೆ ಟ್ರೈನಿಂಗ್ ಆಗಿರುತ್ತೆ, ಆಗಲ್ಲ ಅನ್ನೋಕೆ ಗಂಟಲಲ್ಲೇ ಮಾತು ಸಿಕ್ಕಾಕ್ಕೊಳುತ್ತೆ, ಅದು ಗೊತ್ತು. ಆದ್ರೂ ಅಭ್ಯಾಸ ಮಾಡ್ಕೋ. ಬರೀ ಆಗಲ್ಲ ಅಂತ ಬಿಡ್ಬೇಡ, ಯಾಕೆ ಆಗಲ್ಲ, ಯಾವಾಗ ಆಗುತ್ತೆ ಎರಡನ್ನೂ ಒಟ್ಟಿಗೆ ಹೇಳು. ಇಂಗ್ಲಿಷಲ್ಲೇ ಹೇಳು ಪರವಾಗಿಲ್ಲ.

ಹೊಗಳಿಕೆಗೆ ಕಾಯ್ಬೇಡ. ಸ್ಟುಟ್‌ಗಾರ್ಟ್ ಸುತ್ತಿನ ಈ ಶ್ವಾಬಿಯನ್ ಸೀಮೆಯಲ್ಲಿ ಒಂದು ಗಾದೆ ಇದೆ, ಬೈದಿಲ್ಲ ಅಂದ್ರೆ ಹೊಗಳಿದ ಹಾಗೇ ಅಂತ, ಅವರೇ ಅದನ್ನ ಹೇಳ್ಕೊಂಡು ನಗ್ತಾರೆ. ನಿನಗೆ ಕಷ್ಟದ ಕೆಲಸ ಕೇಳದೇ ಕೊಟ್ರು ಅಂದ್ರೆ ಅದೇ ಹೊಗಳಿಕೆ ಅಂತ ತಿಳ್ಕೋ.

ಯಾರೂ ಮಾತಾಡ್ಸಲ್ಲ ಅನ್ನೋದಕ್ಕೆ, ಮಾತಾಡ್ಸೋ ಜಾಗ ಬೇರೆ ಇದೆ. ಸೀಟ್ ಹತ್ರ ಹರಟೆ ಹೊಡೆಯೋದು ಕಮ್ಮಿ, ಕಾಫಿ ಮೆಷಿನ್ ಇರೋ ಕಿಚನಲ್ಲಿ ಮತ್ತೆ ಊಟದ ಟೇಬಲ್ಲಲ್ಲಿ ಬಾಯಿ ಬಿಡ್ತಾರೆ. ಹನ್ನೊಂದೂವರೆಗೆ ಊಟಕ್ಕೆ ಹೊರಡೋರನ್ನ ನೋಡಿ ಇದೇನು ತಿಂಡಿ ಟೈಮಲ್ಲಿ ಅಂತ ನಗ್ಬೇಡ, ಜೊತೆಗೆ ಹೋಗು. ಸಸ್ಯಾಹಾರಿ ಅಂದಿದ್ಯ, ಕೇಸ್‌ಶ್ಪೆಟ್ಸ್‌ಲೆ (ಇಲ್ಲಿನ ಶ್ಪೆಟ್ಸ್‌ಲೆ ಅನ್ನೋ ನೂಡಲ್ಸ್‌ಗೆ ಚೀಸ್ ಹಾಕಿದ್ದು) ಇರೋ ದಿನ ನಿನಗೆ ಹಬ್ಬ, ಬೇಳೆ ಜೊತೆ ಶ್ಪೆಟ್ಸ್‌ಲೆ ಇದ್ರೆ ಮಾತ್ರ ಸಾಸೇಜ್ ಬೇಡ ಅಂತ ಮೊದ್ಲೇ ಹೇಳು, ಆ ಬೇಳೆಯಲ್ಲೂ ಕೆಲವು ಕಡೆ ಮಾಂಸದ ಚೂರು ಹಾಕಿರ್ತಾರೆ, ಕೇಳ್ಬಿಡು. ಇಂಡಿಯನ್ಸ್ ಟೇಬಲ್ ಅಂತ ಒಂದು ಇದ್ದೇ ಇರುತ್ತೆ, ನಾನೂ ಕೂರ್ತೀನಿ, ಡಬ್ಬಿ ಹಂಚ್ಕೊಂಡು ತಿನ್ನೋ ಸುಖ ಬಿಡು ಅಂತ ಹೇಳೋ ಮನುಷ್ಯ ನಾನಲ್ಲ. ಆದ್ರೆ ವಾರಪೂರ್ತಿ ಅಲ್ಲೇ ಕೂತು, ಜರ್ಮನ್ನರು ಸೇರಿಸ್ಕೊಳ್ಳಲ್ಲ ಅಂದ್ರೆ ಅದು ನ್ಯಾಯ ಅಲ್ಲ. ಮತ್ತೆ ಹುಷಾರಿಲ್ಲದಾಗ ಕೆಮ್ಮಿಕೊಂಡು ಆಫೀಸಿಗೆ ಹೋಗಿ ನಿಷ್ಠೆ ತೋರಿಸ್ಬೇಡ, ಪಕ್ಕದೋರಿಗೆ ಸಿಟ್ಟು ಬರುತ್ತೆ. ಕೆಲಸಕ್ಕೆ ಸೇರಿ ನಾಲ್ಕು ವಾರ ದಾಟಿದ್ಮೇಲೆ ಕಾಯಿಲೆ ಬಿದ್ರೆ ಆರು ವಾರದ ತನಕ ಪೂರ್ತಿ ಸಂಬಳ ಕೊಡೋದು ಕಂಪನಿಯ ಹೊಣೆ.

ಭಾಷೆ ಕಲೀಲೇಬೇಕಾ ಅಂತ ಕೇಳಿದ್ಯ. ಆಫೀಸ್ ಇಂಗ್ಲಿಷಲ್ಲಿ ನಡೆಯುತ್ತೆ, ಸಂಬಂಧ ಜರ್ಮನ್‌ನಲ್ಲಿ ನಡೆಯುತ್ತೆ. ಫೋಕ್ಸ್‌ಹೋಕ್‌ಶೂಲೆ ಅಂತ ಊರೂರಲ್ಲಿ ಸಂಜೆ ಕ್ಲಾಸ್ ಇರುತ್ತೆ, ಪ್ರೈವೇಟ್‌ಗಿಂತ ಸಾಮಾನ್ಯವಾಗಿ ಅಗ್ಗ. ಬ್ಲೂ ಕಾರ್ಡ್ (ಓದಿದ ಹೊರದೇಶದೋರಿಗೆ ಕೊಡೋ ಕೆಲಸದ ಪರ್ಮಿಟ್) ಇದ್ರೆ, ಜರ್ಮನ್ ಬಿ1 ಅನ್ನೋ ಮಧ್ಯಮ ಲೆವೆಲ್‌ಗೆ 21 ತಿಂಗಳಲ್ಲಿ ಪರ್ಮನೆಂಟ್ ರೆಸಿಡೆನ್ಸ್‌ಗೆ ಹಾಕ್ಬಹುದು, ಶುರುವಿನ ಲೆವೆಲ್ ಎ1 ಮಾತ್ರ ಇದ್ರೆ 27. ಇನ್ನೊಂದು, ನಮ್ಮ ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯದಲ್ಲಿ 2015ರಿಂದ ಕಾನೂನಿದೆ, ಒಂದು ವರ್ಷ ಸರ್ವಿಸ್ ಆದ್ಮೇಲೆ ಕೆಲಸಕ್ಕೆ ಸಂಬಂಧಪಟ್ಟ ಕೋರ್ಸ್ ಮಾಡೋಕೆ ವರ್ಷಕ್ಕೆ 5 ದಿನ ಸಂಬಳ ಸಹಿತ ರಜೆ ಕೇಳ್ಬಹುದು, ಕೋರ್ಸ್ ನಡೆಸೋರು ಮಾನ್ಯತೆ ಪಡೆದಿರ್ಬೇಕು. ನಮ್ಮೋರು ಇದನ್ನ ಕೇಳೋದೇ ಇಲ್ಲ.

ಪ್ರೊಬೇಷನ್ ಬಗ್ಗೆ ಸುಳ್ಳು ಧೈರ್ಯ ಹೇಳಲ್ಲ. ಆರು ತಿಂಗಳ ತನಕ ಇರುತ್ತೆ, ಅಷ್ಟರಲ್ಲಿ ಎರಡು ವಾರದ ನೋಟಿಸ್ ಕೊಟ್ಟು ಅವರೂ ಬಿಡಿಸ್ಬಹುದು, ನೀನೂ ಬಿಡ್ಬಹುದು. ಆರು ತಿಂಗಳು ದಾಟಿದ್ಮೇಲೆ, ಹತ್ತು ಜನಕ್ಕಿಂತ ಜಾಸ್ತಿ ಇರೋ ಕಂಪನಿಯಲ್ಲಿ ಸುಮ್ ಸುಮ್ನೆ ತೆಗೆಯೋಕಾಗಲ್ಲ. ನಿನಗಿನ್ನೂ ಮೂರು ತಿಂಗಳಿದೆ, ಸುಮ್ಮನೆ ಕೂತು ಊಹೆ ಮಾಡೋ ಬದಲು ಬಾಸ್‌ಗೆ ಈ ವಾರಾನೇ ಕ್ಯಾಲೆಂಡರ್ ಇನ್ವೈಟ್ ಕಳಿಸು, ಅರ್ಧ ಗಂಟೆ, ಫೀಡ್‌ಬ್ಯಾಕ್ ಬೇಕು ಅಂತ ಸಬ್ಜೆಕ್ಟಲ್ಲೇ ಹಾಕು. 'ನಾನು ಹೇಗೆ ಮಾಡ್ತಿದೀನಿ' ಅಂತ ಕೇಳ್ಬೇಡ, ಓಕೆ ಅಂತ ಹೇಳಿ ಮುಗಿಸ್ತಾರೆ. 'ಮುಂದಿನ ಮೂರು ತಿಂಗಳಲ್ಲಿ ನಾನು ಯಾವುದನ್ನ ಬದಲಾಯಿಸ್ಬೇಕು' ಅಂತ ಕೇಳು, ಪೆನ್ನು ತಗೊಂಡು ಹೋಗು, ಅವರು ಹೇಳೋವಾಗ ನಡುವೆ ಸಮಜಾಯಿಷಿ ಕೊಡೋಕೆ ಹೋಗ್ಬೇಡ. ಆ ಬುಧವಾರದ ಡೆಡ್‌ಲೈನ್ ಆಗಲ್ಲ ಅಂತ ಇದ್ರೆ ಮಾತ್ರ ಮೀಟಿಂಗ್ ತನಕ ಕಾಯ್ಬೇಡ, ಇವತ್ತೇ ಹೇಳು.

ಆಮೇಲೆ ನಿನ್ನ ಬರ್ತ್‌ಡೇ ಮುಂದಿನ ತಿಂಗಳು ಅಂತ ಬರ್ದಿದ್ಯ, ಇಲ್ಲಿ ಬರ್ತ್‌ಡೇ ಇರೋರೇ ಕೇಕ್ ತರ್ಬೇಕು, ಯಾರೂ ಸರ್‌ಪ್ರೈಸ್ ಕೊಡಲ್ಲ, ಕಾಯ್ತಾ ಕೂರ್ಬೇಡ. ಮನೇಲಿ ಮೈಸೂರ್ ಪಾಕ್ ಮಾಡೋಕೆ ಬಂದ್ರೆ ಅದನ್ನೇ ಇಡು, ಹತ್ತು ಗಂಟೆಗೆ ಕಿಚನಲ್ಲಿದೆ ಅಂತ ಒಂದು ಮೇಲ್ ಹಾಕಿದ್ರೆ ಸಾಕು, ಮೂರು ತಿಂಗಳಿಂದ ಮಾತಾಡದೇ ಇದ್ದೋರೆಲ್ಲ ಪ್ಲೇಟ್ ಹಿಡ್ಕೊಂಡು ಬರ್ತಾರೆ.