ನನ್ನ ಪುಟ್ಟ ಆಪರೇಟಿಂಗ್ ಸಿಸ್ಟಂನ ನೆಟ್‌ವರ್ಕ್ ಡ್ರೈವರ್ ಹದಿನೆಂಟು ಗಂಟೆಗಳ ಬಳಿಕ ನಿಲ್ಲುವುದೇಕೆ?

ನೀವೇ ಬರೆದ ಆಪರೇಟಿಂಗ್ ಸಿಸ್ಟಂ ಕ್ಯೂಎಮುವಿನಲ್ಲಿ, ಅಂದರೆ ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರನ್ನು ಅನುಕರಿಸುವ ತಂತ್ರಾಂಶದಲ್ಲಿ, ನಡೆಯುತ್ತಿದೆ. ಅದರ ವರ್ಟ್‌ಐಒ (ಇಂತಹ ಅನುಕರಿತ ಕಂಪ್ಯೂಟರ್‌ಗಳಿಗೆಂದೇ ರೂಪಿಸಿದ ಡಿವೈಸ್ ಮಾದರಿ) ನೆಟ್‌ವರ್ಕ್ ಡ್ರೈವರ್ ಸೆಕೆಂಡಿಗೊಂದು ಪಿಂಗ್‌ಗೆ (‘ಇದ್ದೀಯಾ’ ಎಂದು ಕೇಳುವ ಪ್ಯಾಕೆಟ್‌ಗೆ) ಸರಿಯಾಗಿ ಉತ್ತರಿಸುತ್ತ ಬಂದು ಸುಮಾರು ಹದಿನೆಂಟು ಗಂಟೆಗಳ ನಂತರ ಸದ್ದಿಲ್ಲದೆ ನಿಲ್ಲುತ್ತದೆ, ಮತ್ತೆ ಬೂಟ್ ಮಾಡಿದರೆ ಸರಿಹೋಗುತ್ತದೆ ಎಂದು ಬರೆದಿದ್ದೀರಿ. ಆ ಹದಿನೆಂಟು ಗಂಟೆಯಲ್ಲೇ ಉತ್ತರವಿದೆ. 65,536 ಸೆಕೆಂಡುಗಳೆಂದರೆ 18 ಗಂಟೆ 12 ನಿಮಿಷ, ಅಷ್ಟರಲ್ಲಿ ಬರುವ ಪಿಂಗ್‌ಗಳೂ ಅಷ್ಟೇ. ಬಂದ ಪ್ಯಾಕೆಟ್‌ಗಳ 16 ಬಿಟ್‌ಗಳ ಎಣಿಕೆ ತುಂಬಿ ಸೊನ್ನೆಗೆ ಮರಳುವುದೂ 65,536ಕ್ಕೇ. ನೆಟ್‌ವರ್ಕ್ ಕಾರ್ಡಿನ ವಿಳಾಸ ವಿಚಾರಿಸುವ ಎಆರ್‌ಪಿ ಪ್ಯಾಕೆಟ್‌ಗಳೂ ಇದೇ ಎಣಿಕೆಗೆ ಸೇರುವುದರಿಂದ ಡ್ರೈವರ್ ಸ್ವಲ್ಪ ಮುಂಚೆಯೇ ನಿಲ್ಲಬಹುದು.

ಇದೇ ತಪ್ಪು ನನ್ನ ಡ್ರೈವರ್‌ನಲ್ಲಿಯೂ ಇತ್ತು, ಆದರೆ ತಿಂಗಳುಗಟ್ಟಲೆ ಕಾಣಿಸಿಕೊಳ್ಳಲಿಲ್ಲ. ಕಲಬುರಗಿಯ ಬೇಸಿಗೆಯಲ್ಲಿ ನಮ್ಮ ಮನೆಯ ಕರೆಂಟ್ ದಿನಕ್ಕೆ ಹಲವು ಸಲ ಹೋಗುತ್ತಿತ್ತು. ಕಂಪ್ಯೂಟರ್ ಆರಿ ಹೊತ್ತಿದಾಗಲೆಲ್ಲ ಎಣಿಕೆ ಸೊನ್ನೆಯಿಂದ ಶುರುವಾಗುತ್ತಿದ್ದುದರಿಂದ ಅದು ತುಂಬುವ ಗಳಿಗೆಯೇ ಬರುತ್ತಿರಲಿಲ್ಲ. ಇನ್ವರ್ಟರ್ ಹಾಕಿಸಿದ ವಾರದಲ್ಲೇ ನೆಟ್‌ವರ್ಕ್ ನಿಲ್ಲತೊಡಗಿತು, ನಾನು ಎರಡು ದಿನ ಇನ್ವರ್ಟರನ್ನೇ ಸಂಶಯಿಸಿದೆ.

ಒಳಗೆ ನಡೆಯುವುದು ಹೀಗೆ. ಡ್ರೈವರ್ ಖಾಲಿ ಬಫರ್‌ಗಳನ್ನು (ಪ್ಯಾಕೆಟ್ ಇಡುವ ಮೆಮೊರಿ ಜಾಗಗಳನ್ನು) ಅವೈಲಬಲ್ ರಿಂಗ್ ಎಂಬ ಸುತ್ತುಪಟ್ಟಿಯಲ್ಲಿ ಇಡುತ್ತದೆ. ಡಿವೈಸ್, ಅಂದರೆ ಕ್ಯೂಎಮು ಒದಗಿಸುವ ನೆಟ್‌ವರ್ಕ್ ಕಾರ್ಡ್, ಅವುಗಳಲ್ಲಿ ಪ್ಯಾಕೆಟ್ ತುಂಬಿ ಯೂಸ್ಡ್ ರಿಂಗ್ ಎಂಬ ಇನ್ನೊಂದು ಪಟ್ಟಿಯಲ್ಲಿ ನಮೂದಿಸಿ, ಅಲ್ಲಿನ ಎಣಿಕೆಯಾದ ಇಂಡೆಕ್ಸನ್ನು ಒಂದರಷ್ಟು ಹೆಚ್ಚಿಸುತ್ತದೆ. ರಿಂಗ್‌ನಲ್ಲಿ 256 ಜಾಗಗಳಷ್ಟೇ ಇದ್ದರೂ ಇಂಡೆಕ್ಸ್ 256ಕ್ಕೆ ತಿರುಗುವುದಿಲ್ಲ, 65,535ರವರೆಗೆ ಏರಿಯೇ ಸೊನ್ನೆಗೆ ಬರುತ್ತದೆ. ತೊಗರಿ ಚೀಲಗಳಿಗೆ ಮೂರಂಕಿಯ ಮೊಹರು ಒತ್ತುವಾಗ 999ರ ಮುಂದಿನ ಚೀಲಕ್ಕೆ 000 ಬಿದ್ದರೆ ಅದನ್ನು ಹಳೆಯ ಚೀಲವೆಂದು ಬದಿಗಿಡಲಾಗದು. ಆದರೆ ‘ನಾನು ಕೊನೆಗೆ ನೋಡಿದ ಇಂಡೆಕ್ಸ್ ಡಿವೈಸಿನದಕ್ಕಿಂತ ಚಿಕ್ಕದಿದ್ದರೆ ಮಾತ್ರ ಓದು’ ಎಂಬ ಷರತ್ತು ಮಾಡುವುದು ಅದನ್ನೇ. 65,535 ಸೊನ್ನೆಗಿಂತ ಚಿಕ್ಕದಲ್ಲವಾದ್ದರಿಂದ ಡ್ರೈವರ್ ಹೊಸದೇನೂ ಬಂದಿಲ್ಲವೆಂದು ತಿಳಿಯುತ್ತದೆ, ಬಫರ್‌ಗಳನ್ನು ಹಿಂದಿರುಗಿಸುವುದಿಲ್ಲ, ಉಳಿದವು ಮುಗಿದ ಮೇಲೆ ಡಿವೈಸಿಗೆ ಪ್ಯಾಕೆಟ್ ಹಾಕಲು ಜಾಗವೇ ಇರುವುದಿಲ್ಲ.

ಆದ್ದರಿಂದ ‘ಚಿಕ್ಕದೇ’ ಎಂದು ಕೇಳುವ ಬದಲು ‘ಸಮವಲ್ಲವೇ’ ಎಂದು ಕೇಳಿ. ಲಿನಕ್ಸ್‌ನ ವರ್ಟ್‌ಐಒ ಕೋಡ್ ಕೂಡ ಹಾಗೆಯೇ ಪರೀಕ್ಷಿಸುತ್ತದೆ. ಅಷ್ಟಕ್ಕೇ ಕೆಲಸ ಮುಗಿಯುವುದಿಲ್ಲ. ನಿಮ್ಮ ಕಡೆಯ ವೇರಿಯಬಲ್ 32 ಬಿಟ್‌ಗಳದ್ದಾಗಿದ್ದರೆ ಅದು 65,536ಕ್ಕೆ ಹೋಗಿ ಡಿವೈಸಿನ ಸೊನ್ನೆಗೆ ಸಮವಾಗದು, ಆಗ ಡ್ರೈವರ್ ಹಳೆಯ ನಮೂದುಗಳನ್ನೇ ಮತ್ತೆ ಮತ್ತೆ ಓದುತ್ತದೆ. ಹಾಗಾಗಿ ಅದೂ ಚಿಹ್ನೆಯಿಲ್ಲದ 16 ಬಿಟ್‌ಗಳದ್ದೇ ಆಗಬೇಕು. ಎಷ್ಟು ಪ್ಯಾಕೆಟ್ ಬಾಕಿ ಇವೆ ಎಂದು ಕಳೆದು ನೋಡುವಾಗ ಇನ್ನೊಂದು ಎಡವಟ್ಟು ಕಾದಿರುತ್ತದೆ: ಸಿ ಭಾಷೆ 16 ಬಿಟ್‌ಗಳ ಸಂಖ್ಯೆಗಳನ್ನು ಮೊದಲು ಇಂಟ್‌ಗೆ (ಸಾಮಾನ್ಯವಾಗಿ 32 ಬಿಟ್‌ಗಳ, ಚಿಹ್ನೆಯುಳ್ಳ ಪೂರ್ಣಾಂಕಕ್ಕೆ) ಏರಿಸಿ ಕಳೆಯುವುದರಿಂದ 3ರಿಂದ 65,534 ಕಳೆದರೆ ಋಣ 65,531 ಬರುತ್ತದೆ, ಆ ಉತ್ತರವನ್ನು ಮತ್ತೆ 16 ಬಿಟ್‌ಗಳಿಗೆ ಇಳಿಸಿದಾಗಲೇ ಸರಿಯಾದ 5 ಸಿಗುತ್ತದೆ. ಇಂಡೆಕ್ಸನ್ನು ಪ್ರತಿ ಸಲವೂ ಮೆಮೊರಿಯಿಂದಲೇ ಓದುವಂತೆ ವೊಲಟೈಲ್ ಮಾಡಿ, ಅದನ್ನು ಓದಿದ ನಂತರ, ನಮೂದನ್ನು ಓದುವ ಮೊದಲು, ಓದುವ ಕ್ರಮ ಅದಲುಬದಲಾಗದಂತೆ ತಡೆಯುವ ಒಂದು ರೀಡ್ ಬ್ಯಾರಿಯರ್ ಇಡಿ. ಆರ್ಮ್‌ನಂತಹ ಪ್ರೊಸೆಸರ್‌ಗಳಲ್ಲಿ ಇದಿಲ್ಲದಿದ್ದರೆ ಹಳೆಯ ನಮೂದು ಕೈಗೆ ಬರಬಹುದು.

ಪರೀಕ್ಷೆಗೆ ಹದಿನೆಂಟು ಗಂಟೆ ಕಾಯಬೇಕಿಲ್ಲ. ಹೋಸ್ಟ್‌ನಿಂದ (ಕ್ಯೂಎಮು ನಡೆಯುತ್ತಿರುವ ಕಂಪ್ಯೂಟರಿನಿಂದ) ರೂಟ್ ಆಗಿ, ಅಂದರೆ ಪೂರ್ಣ ಅಧಿಕಾರದ ಬಳಕೆದಾರರಾಗಿ, ಸೆಕೆಂಡಿಗೆ 100ರಂತೆ ಪಿಂಗ್ ಕಳುಹಿಸಿದರೆ ಹನ್ನೊಂದು ನಿಮಿಷದೊಳಗೆ ಎಣಿಕೆ ತುಂಬುತ್ತದೆ. ಕೋಡ್ ತಿದ್ದುವ ಮೊದಲೇ ಒಮ್ಮೆ ಹೀಗೆ ಓಡಿಸಿ, ಎರಡೂ ಇಂಡೆಕ್ಸ್‌ಗಳನ್ನು ಸೀರಿಯಲ್ ಕನ್ಸೋಲ್‌ಗೆ ಮುದ್ರಿಸಿ. ನಿಮ್ಮದು 65,535ರಲ್ಲಿ ನಿಂತು ಡಿವೈಸಿನದು 0, 1, 2 ಎಂದು ಏರುತ್ತ 255ರ ಆಸುಪಾಸಿನಲ್ಲಿ ನಿಂತರೆ ತಪ್ಪು ಇದೇ.