ಹಳೇ ಕಲ್ಲಿನ ಮನಿ, ಕೆಂಪು ನೀರು, ಬಚ್ಚಲದ ನಾತ: ಮೊದಲ ಟೈಲ್ಸೋ, ಪೈಪೋ?

ಪ್ರಶ್ನೆ: ನಮಸ್ಕಾರ್ರಿ ಸರ್. ನಮ್ದು ಕಲಬುರಗಿ ಬ್ರಹ್ಮಪುರದಾಗ ಅಜ್ಜಾರ ಕಾಲದ ಮನಿ ಅದ, ಮಣ್ಣಿನಾಗ ಕಟ್ಟಿದ ಕಲ್ಲಿನ ಗ್ವಾಡಿ, ಬಚ್ಚಲಮನಿಗಿ ಶಹಾಬಾದ ಫರ್ಸಿ. ಜಿಐ ಪೈಪು ಹಾಕಿ 40 ವರ್ಷದ ಮ್ಯಾಲಾತು. ಮುಂಜಾನಿ ನಳ ಬಿಟ್ರ ಮೊದಲ ಒಂದು ತಂಬಿಗಿ ಕೆಂಪು ನೀರು ಬರ್ತದ, ಆಮ್ಯಾಗ ಸಣ್ಣ ಧಾರಿ. ಬ್ಯಾಸಗ್ಯಾಗ ನಾತ ಬ್ಯಾರೆ. ಅವ್ವಗ ಮೊಣಕಾಲು ನೋವು ಅದ, ಕಮೋಡ್ ಕೂಡಿಸಬೇಕು, ಗೀಸರ್ ಶವರ್ ಎಲ್ಲಾ ಮಾಡಿಸಬೇಕಂತ ಮಾಡೀವಿ. ಮಿಸ್ತ್ರಿ ನೋಡಿದ್ರ ಪೈಪಿಗಿ ಕೈ ಹಚ್ಚಬ್ಯಾಡ್ರಿ, ಟೈಲ್ಸ್ ಹಾಕಿ ಹೊಸ ನಳ ಕೂಡಿಸಿದ್ರ ಸಾಕು ಅಂತಾನ. ಏನ್ ಮಾಡಬೇಕ್ರಿ?

ಉತ್ತರ: ನೋಡ್ರಿ ಅಕ್ಕಾರ, ಮಿಸ್ತ್ರಿ ಮಾತು ಕೇಳಬ್ಯಾಡ್ರಿ. ಟೈಲ್ಸ್ ಕಡೀಗಿ ಬರೋ ಕೆಲಸ. ಈಗ ಟೈಲ್ಸ್ ಹಾಕಿಸಿ ಇನ್ನೆರಡು ವರ್ಷಕ್ಕ ಅದರ ಹಿಂದ ಪೈಪು ತೂತು ಬಿತ್ತಂದ್ರ ಅದೇ ಟೈಲ್ಸ್ ಒಡಿಬೇಕಾಗ್ತದ, ರೊಕ್ಕಾನೂ ಹೋತು, ಮ್ಯಾಲ ಮನ್ಯಾಗ ಮತ್ತ ತಿಂಗಳಗಟ್ಲೆ ಧೂಳು.

ಕೆಂಪು ನೀರು ಯಾಕ ಬರ್ತದಂದ್ರ, ಜಿಐ ಪೈಪಿನ ಒಳಗ ಇದ್ದ ಸತುವಿನ ಲೇಪ ಸವದು ಹೋಗ್ಯಾದ, ರಾತ್ರಿಯೆಲ್ಲಾ ನೀರು ಬರೀ ಕಬ್ಬಿಣಕ್ಕ ತಾಗಿ ನಿಂತಿರ್ತದ, ಮುಂಜಾನಿ ಆ ತುಕ್ಕು ಮೊದಲ ಹೊರಗ ಬೀಳ್ತದ. ಸಣ್ಣ ಧಾರಿಗಿ ತುಕ್ಕಿನ ಸಂಗಟ ಸುಣ್ಣಾನೂ ಕಾರಣ. ನಮ್ಮ ಕಡಿ ಕಾಲ ಕೆಳಗ ಹಾಸಿದ ಫರ್ಸಿನೇ ಸುಣ್ಣದ ಕಲ್ಲು, ಬೋರಿನ ನೀರಿನಾಗೂ ಸುಣ್ಣ ಇರ್ತದ, ಹಂಗಾಗಿ ಪೈಪಿನ ಒಳಗ ವರ್ಷಾ ವರ್ಷಾ ಒಂದು ಪದರ ಕೂಡ್ತಾ ಹೋಗ್ತದ. ಪೈಪಿನ ಅಗಲ ಅರ್ಧ ಆತಂದ್ರ ನೀರಿಗಿ ಉಳಿಯೋ ದಾರಿ ಬರೀ ಕಾಲು ಭಾಗ, ಇದು ಭಾಳ ಮಂದಿಗಿ ಗೊತ್ತಿರಲ್ಲ.

ಆದ್ರ ಒಡಿಯೋಕಿಂತ ಮೊದಲ ಒಂದು ಪರೀಕ್ಷೆ ಮಾಡ್ರಿ. ಮಾಳಿಗಿ ಮ್ಯಾಲಿನ ಟಾಕಿ ಬಲ್ಲಿ ಪೈಪು ಬಿಚ್ಚಿಸಿ 10 ಲೀಟರ್ ಬಕೆಟ್ ತುಂಬಲಿಕ್ಕ ಎಷ್ಟು ಸೆಕೆಂಡ್ ಹಿಡಿತದ ನೋಡ್ರಿ, ಆಮ್ಯಾಗ ಅದೇ ಬಕೆಟ್ ಬಚ್ಚಲಮನಿ ನಳಕ್ಕ ಹಿಡೀರಿ. ಟಾಕಿ ಬಲ್ಲೇ ಧಾರಿ ಸಣ್ಣ ಇದ್ರ ತಪ್ಪು ಟಾಕಿ ಬಾಯಾಗ, ಇಲ್ಲಾ ಅಲ್ಲಿನ ವಾಲಿನಾಗ ಅದ, ಹಳೇ ಗೇಟ್ ವಾಲ್ ಒಳಗಿನ ಬಿಲ್ಲಿ ಕಳಚಿ ಬಿದ್ದು ದಾರಿಗಿ ಅಡ್ಡ ಕೂತಿರ್ತದ, ಹೊರಗಿನ ಚಕ್ರ ಮಾತ್ರ ಚಂದ ತಿರಗ್ತಾ ಇರ್ತದ. ಅಲ್ಲಿ ಭರ್ರನ ಬಂದು ಕೆಳಗ ಬರಲಿಲ್ಲಂದ್ರ ಪೈಪು ಬದಲಿಸಲೇಬೇಕು. ನೀವು ಬರೆದ ಕೆಂಪು ನೀರು ನೋಡಿದ್ರ ನಿಮ್ದು ಎರಡನೇದೇ ಅಂತ ಕಾಣ್ತದ.

ಬದಲಿಸೋದಂದ್ರ ಟಾಕಿಯಿಂದ ನಳದ ತನಕ ಪೂರ್ತಿ ಬದಲಿಸ್ರಿ. ಅರ್ಧ ಹಳೇ ಜಿಐ ಅರ್ಧ ಹೊಸದು ಮಾಡಿದ್ರ ಮ್ಯಾಲಿನ ತುಕ್ಕು ಬಂದು ಹೊಸ ನಳದ ಜಾಳಿಗಿ, ಶವರಿನ ತೂತು, ಡೈವರ್ಟರ್ (ನೀರು ನಳಕ್ಕೋ ಶವರಿಗೋ ತಿರುಗಿಸೋ ಗುಂಡಿ) ಎಲ್ಲಾ ಜಾಮ್ ಮಾಡ್ತದ. ಬಿಸಿ ನೀರು, ತಣ್ಣೀರು ಎರಡಕ್ಕೂ ಸಿಪಿವಿಸಿ (ಬಿಸಿ ತಡಿಯೋ ಪ್ಲಾಸ್ಟಿಕ್ ಪೈಪು) ಹಾಕಿಸ್ರಿ, ಪೈಪಿನ ಮ್ಯಾಲ ಐಎಸ್ 15778 ಅಂತ ಅಚ್ಚು ಇರ್ತದ ನೋಡ್ಕೋರಿ, ಅದು 93 ಡಿಗ್ರಿ ಬಿಸಿ ತನಕ ತಡಿತದ. ಬಿಳಿ ಯುಪಿವಿಸಿ ಅನ್ನೋ ಪ್ಲಾಸ್ಟಿಕ್ ಪೈಪು ತಣ್ಣೀರಿಗಿ ಅಷ್ಟೇ, ಗೀಸರ್ ಲೈನಿಗಿ ಅದನ್ನ ಹಾಕಿದ್ರ ಮೆತ್ತಗಾಗಿ ಜೋಡಣಿ ಬಿಡ್ತದ. ಟಾಕಿಯಿಂದ ಕೆಳಗ ಬರೋ ಮೇನ್ ಪೈಪು ಸವಾ ಇಂಚು, ಕಡಿಮಿ ಅಂದ್ರ ಒಂದು ಇಂಚು ಇರ್ಲಿ, ಬಚ್ಚಲಮನಿ ಒಳಗ ಪೌಣ ಇಂಚು, ನಳದ ಬಾಯಿಗಿ ಮಾತ್ರ ಅರ್ಧ. ಮಾಳಿಗಿ ಮ್ಯಾಲ ಬಿಸಲಿಗಿ ಬೀಳೋ ಪೈಪಿಗಿ ನೀರಿನಾಗ ಕಲಸೋ ಬಿಳಿ ಪೇಂಟ್ ಹಚ್ಚಿಸ್ರಿ, ನಮ್ಮೂರಾಗ ಮೇ ತಿಂಗಳು 42 ಡಿಗ್ರಿ ದಾಟೋದು ಹೊಸದಲ್ಲ, ಆ ಬಿಸಲಾಗ ಪೈಪು ಬಿರಸಾಗಿ ಒಡಿತದ. ಇನ್ನೊಂದು, ಸಾಲ್ವೆಂಟ್ (ಪೈಪು ಅಂಟಿಸೋ ಗೋಂದು) ಹಚ್ಚೋ ಕೆಲಸ ನಡು ಮಧ್ಯಾಹ್ನ ಮಾಡಿಸಬ್ಯಾಡ್ರಿ, ಪೈಪು ಕೂಡಿಸೋದ್ರಾಗೇ ಅದು ಒಣಗಿ ಹೋಗ್ತದ, ಮುಂಜಾನಿ ತಂಪಿನಾಗ ಮಾಡಿಸ್ರಿ. ನಳ ಕೂಡಿಸೋ ಕಡಿ ಹಿತ್ತಾಳಿ ಚೂಡಿ (ನಳ ತಿರುವೋ ಗೆರಿ) ಇರೋ ಎಲ್ಬೋನೇ ಬೇಕು ಅಂತ ಹಟ ಹಿಡೀರಿ, ಪ್ಲಾಸ್ಟಿಕ್ ಚೂಡಿ ನಳ ತಿರುವಿ ತಿರುವಿ ಸೀಳ್ತದ.

ಈಗ ಗ್ವಾಡಿ ವಿಷಯ. ನಾ ನಿಮಗ ಹೇಳೋದ್ರಾಗ ದೊಡ್ಡದು ಇದೇ. ಮಣ್ಣಿನಾಗ ಕಟ್ಟಿದ ಕಲ್ಲಿನ ಗ್ವಾಡಿ ಕೊರದು ಒಳಗ ಪೈಪು ಮುಚ್ಚಬ್ಯಾಡ್ರಿ, ಕಾಂಕ್ರೀಟ್ ಮನ್ಯಾಗ ಮಾಡಿದಂಗ ಇಲ್ಲಿ ನಡಿಯಲ್ಲ. ಬ್ರೇಕರ್ ಹಚ್ಚಿದ್ರ ಒಂದು ಕಲ್ಲು ತೆಗಿಲಿಕ್ಕ ಹೋಗಿ ನಾಕು ಕಲ್ಲು ಸಡ್ಲ ಆಗ್ತವ. ಅದಕ್ಕಿಂತ ಕೆಟ್ಟದ್ದಂದ್ರ ಮುಂದ ಯಾವಾಗರೆ ಒಂದು ಜೋಡಣಿ ಒಸರಿದ್ರ ಹೊರಗ ಏನೂ ಕಾಣಲ್ಲ, ಒಳಗಿನ ಮಣ್ಣು ತೊಯ್ದು ತೊಯ್ದು ಕರಗಿ ಹೋಗಿ ಗ್ವಾಡಿ ಹೊಟ್ಟಿ ಬಿಡ್ತದ. ನಾ ಕಂಡೀನಿ ಹಂಗಾದ ಮನಿ, ಮ್ಯಾಲಿನ ಟೈಲ್ಸ್ ಹೊಸದು, ಹಿಂದ ಕೈ ಹಾಕಿದ್ರ ಬರೀ ರಾಡಿ. ನಿಮ್ಮ ಅಜ್ಜಾರು ಕಟ್ಟಿದ ಗ್ವಾಡಿ ಇಷ್ಟು ವರ್ಷ ನಿಂತಾದಂದ್ರ ಒಣಗಿ ಇರೋದಕ್ಕೇ ನಿಂತಾದ, ಅದನ್ನ ಒಣಾನೇ ಇಡಬೇಕು. ಹಂಗಾದ್ರ ಪೈಪು ಎಲ್ಲಿ? ಹಳೇ ಗ್ವಾಡಿ ಮುಂದ 4 ಇಂಚಿನ ಇಟ್ಟಂಗಿ ಗ್ವಾಡಿ, ಎದಿ ಎತ್ತರ ಬಂದ್ರ ಸಾಕು, ಸಿಮೆಂಟಿನಾಗ ಕಟ್ಟಿಸಿ ಅದರೊಳಗ ಪೈಪು ಓಡಿಸ್ರಿ. ಮ್ಯಾಲ ಒಂದು ಫರ್ಸಿ ಹಾಸಿದ್ರ ಸಾಬಾನು, ಚೊಂಬು ಇಡಲಿಕ್ಕ ಕಟ್ಟಿನೂ ಆಗ್ತದ. ಜಾಗ ಇಕ್ಕಟ್ಟಿದ್ರ ಪೈಪು ಗ್ವಾಡಿ ಮ್ಯಾಲೇ ಕ್ಲಾಂಪ್ ಹೊಡದು ಹೊರಗೇ ಇರ್ಲಿ ಬಿಡ್ರಿ, ಚಂದ ಕಾಣಲ್ಲ ಅಂತೀರಿ, ಆದ್ರ ಒಸರಿದ ದಿನಾನೇ ಕಣ್ಣಿಗಿ ಬೀಳ್ತದ.

ಶವರ್ ಅಂದ್ರಿ. ಟಾಕಿ ನೀರು 10 ಮೀಟರ್ ಎತ್ತರ ಇದ್ರ ಚದರ ಸೆಂಟಿಮೀಟರಿಗಿ ಸುಮಾರು 1 ಕೆಜಿ ಒತ್ತಡ, ನಿಮ್ಮ ಟಾಕಿ ಶವರಿಗಿಂತ 2 ಮೀಟರ್ ಮ್ಯಾಲ ಇದ್ರ ಬರೋದು 0.2 ಅಷ್ಟೇ, ಆ ದೊಡ್ಡ ತಟ್ಟಿಯಂಥ ಶವರ್ ಕೂಡಿಸಿದ್ರ ಮಳಿ ಹಂಗ ಬೀಳಲ್ಲ, ಸಣ್ಣ ಕೈ ಶವರ್ ತಗೋರಿ. ಟಾಕಿ ಎತ್ತರ ಮಾಡ್ತೀನಿ ಅಂದ್ರ ಒಂದು ಮಾತು: 1000 ಲೀಟರ್ ನೀರಂದ್ರ ಒಂದು ಟನ್ ಭಾರ. ಮಣ್ಣಿನ ಮಾಳಿಗಿ ಇದ್ರ ಅದರ ನಡುವ ಟಾಕಿ ಇಡೋ ವಿಚಾರಾನೇ ಮಾಡಬ್ಯಾಡ್ರಿ, ನೆಲದಿಂದಾನೇ ಕಬ್ಬಿಣದ ಸ್ಟ್ಯಾಂಡ್ ಎಬ್ಬಿಸ್ರಿ.

ನಾತದ ಕಾರಣ ಹಳೇ ಬಚ್ಚಲದ ಕಟ್ಟಣಿನೇ. ಮೋರಿ ತೂತು ನೇರ ಹೊರಗಿನ ಗಟಾರಕ್ಕ ಇರ್ತದ, ನಡುವ ಟ್ರ್ಯಾಪ್ (ನೀರು ನಿಲ್ಲೋ ಬಾಗಿದ ಪೈಪು) ಇಲ್ಲ. ಟ್ರ್ಯಾಪಿನಾಗ 50 ಮಿಲಿಮೀಟರ್ ನೀರು ನಿಂತಿದ್ರ ಆ ನೀರೇ ಗಾಳಿ ತಡಿತದ, ಬ್ಯಾಸಗ್ಯಾಗ ವಾರಗಟ್ಲೆ ಬಳಸದಿದ್ರ ಅದೂ ಆರಿ ಹೋಗ್ತದ, ಊರಿಗಿ ಹೋಗಿ ಬಂದ ಕೂಡ್ಲೇ ಒಂದು ಚೊಂಬು ನೀರು ಹಾಕಿದ್ರ ಆತು. ಕಮೋಡಿಗಿ 110 ಮಿಲಿಮೀಟರ್ ಎಸ್‌ಡಬ್ಲ್ಯುಆರ್ (ಹೊಲಸು ನೀರು, ಮಳಿ ನೀರು ಹೋಗೋ) ಪೈಪು, ಅದ್ರಾಗ ಟೈಪ್ ಬಿ ಕೇಳಿ ತಗೋರಿ, ಟೈಪ್ ಎ ತೆಳ್ಳಂದು, ಮಳಿ ನೀರಿಗಿ ಮತ್ತ ಗಾಳಿ ಪೈಪಿಗಿ ಇರೋದು. ಇಳಿಜಾರು 40ಕ್ಕ 1, ಅಂದ್ರ 10 ಫೂಟ್ ಉದ್ದಕ್ಕ 3 ಇಂಚು. ಗಾಳಿ ಪೈಪು ಮಾಳಿಗಿ ದಾಟಿ ಮ್ಯಾಲ ಹೋಗಲೇಬೇಕು, ಇಲ್ಲಂದ್ರ ಫ್ಲಶ್ ಮಾಡಿದಾಗ ಟ್ರ್ಯಾಪಿನ ನೀರನ್ನೇ ಎಳಕೊಂಡು ಹೋಗಿ ಮತ್ತ ನಾತ ಶುರು.

ಅಂಗಳದಾಗ ಎರಿ ಮಣ್ಣು ಇದ್ರ ಇನ್ನೊಂದು ಎಚ್ಚರಿಕಿ. ಮಳಿಗಾಲದಾಗ ಅದು ಉಬ್ಬತದ, ಬ್ಯಾಸಗ್ಯಾಗ ಕೈ ಹೋಗೋ ಅಷ್ಟು ಬಿರಕು ಬಿಡ್ತದ, ಹಳೇ ಸಿಮೆಂಟ್ ಜೋಡಣಿ ಪೈಪು ಒಡಿಯೋದು ಅದಕ್ಕೇ. ಆಳ ಅಗದು ಕೆಳಗ ಮ್ಯಾಲ ಉಸುಕು ಹಾಕಿಸ್ರಿ, ಜೋಡಣಿಗಿ ರಬ್ಬರ್ ರಿಂಗ್ ಇರೋ ಪೈಪು ತಗೋರಿ, ಅದು ಸ್ವಲ್ಪ ಅಲಗಾಡಿದ್ರೂ ತಡಿತದ. ತಿರುವು ಇದ್ದಲ್ಲೆಲ್ಲಾ ಒಂದು ಚೇಂಬರ್.

ಅವ್ವನ ಸಲುವಾಗಿ ಕಮೋಡ್ ಬಲ್ಲಿ ಗ್ವಾಡಿಗಿ ಹಿಡಿಕಿ ಹಾಕಿಸ್ರಿ. ಅದನ್ನೂ ಮಣ್ಣಿನ ಗ್ವಾಡಿಗಿ ಬಡಿಬ್ಯಾಡ್ರಿ, ಭಾರ ಬಿದ್ದ ದಿನ ಕಿತ್ತು ಬರ್ತದ, 4 ಇಂಚಿನ ಗ್ವಾಡಿಗೂ ಭರವಸಿ ಇಡಬ್ಯಾಡ್ರಿ, ನೆಲಕ್ಕ ಬೋಲ್ಟ್ ಹಾಕೋ ಸ್ಟೀಲ್ ಹಿಡಿಕಿ ತಗೋರಿ.

ಗೀಸರ್ ಕೂಡಿಸೋಕಿಂತ ಮೊದಲ ಎಲೆಕ್ಟ್ರಿಷಿಯನ್‌ಗ ಕರಿಸ್ರಿ, ಇದನ್ನ ದಯಮಾಡಿ ಮರಿಬ್ಯಾಡ್ರಿ. ಹಳೇ ಮನಿಗಳಾಗ ಅರ್ಥಿಂಗ್ ತಂತಿ ನೀರಿನ ಜಿಐ ಪೈಪಿಗೇ ಸುತ್ತಿ ಬಿಟ್ಟಿರ್ತಾರ. ನೀವು ಜಿಐ ಕಿತ್ತು ಪ್ಲಾಸ್ಟಿಕ್ ಹಾಕಿದ ದಿನಾನೇ ಮನಿ ಅರ್ಥಿಂಗ್ ಹೋತು, ಯಾರಿಗೂ ಗೊತ್ತಾಗಲ್ಲ. ಬ್ಯಾರೆ ಅರ್ಥಿಂಗ್ ಗುಂಡಿ ತೋಡಿಸಿ, 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದ್ರ ತಾನೇ ಬಂದ್ ಮಾಡೋ ಸ್ವಿಚ್) ಹಾಕಿಸಿದ ಮ್ಯಾಗೇ ಗೀಸರ್ ಸ್ವಿಚ್ ಮುಟ್ರಿ.

ಪೈಪು ಎಲ್ಲಾ ಹಾಕಿದ ಮ್ಯಾಲ, ಮುಚ್ಚೋಕಿಂತ ಮೊದಲ, ಒಂದು ದಿನ ಒಣಗಲಿಕ್ಕ ಬಿಟ್ಟು ಕೈ ಪಂಪಿನಿಂದ ಒತ್ತಡ ಕೊಟ್ಟು ಅದರ ಮೀಟರಿನ ಮುಳ್ಳು ಇಳಿತದೇನು ನೋಡಿಸ್ರಿ. ಅಳತಿ ಟೇಪ್ ಹಿಡದು ಪೈಪಿನ ಫೋಟೋ ತೆಕ್ಕೋರಿ, ನಾಳಿ ಕನ್ನಡಿಗಿ ಮೊಳಿ ಹೊಡಿಯೋವಾಗ ಪೈಪು ಎಲ್ಲಿ ಅದ ಅಂತ ತಿಳಿಲಿಕ್ಕ ಬೇಕಾಗ್ತದ. ನೆಲಕ್ಕ ವಾಟರ್‌ಪ್ರೂಫ್ ಹಚ್ಚಿದ ಮ್ಯಾಗ ಮೋರಿ ಮುಚ್ಚಿ 48 ತಾಸು ನೀರು ನಿಲ್ಲಿಸ್ರಿ. ಇಷ್ಟು ಪಾಸ್ ಆದ್ರ ಟೈಲ್ಸ್.

ಪ್ರಶ್ನೆ: ಸೇಡಂದಾಗಿರ್ತೀವಿ ಸರ್. ಬೋರಿನ ನೀರಿಗಿ ಶವರ್, ನಳ ಎಲ್ಲಾ ಬೆಳ್ಳಗಾಗ್ಯಾವ, ಗೀಸರ್ ನೀರು ಕಾಸಲಿಕ್ಕ ಭಾಳ ಹೊತ್ತು ತಗೋತದ. ಆ್ಯಸಿಡ್ ಹಾಕಿ ತಿಕ್ಕಬೇಕೇನ್ರಿ?

ಉತ್ತರ: ಆ್ಯಸಿಡ್ ಬ್ಯಾಡ್ರಿ. ನಳದ ಹೊಳಪು ಹೋಗ್ತದ, ಮ್ಯಾಲ ಫರ್ಸಿ ಮ್ಯಾಲ ಬಿದ್ರ ಬುಸ್ಸಂತ ನೊರಿ ಬರ್ತದಲ್ಲ, ಅದು ಹೊಲಸು ಹೋಗೋ ನೊರಿ ಅಲ್ಲ, ಸುಣ್ಣದ ಕಲ್ಲೇ ಕರಗೋದು, ಸಂಧಿನ ಸಿಮೆಂಟೂ ಹೋಗಿ ನೀರು ಕೆಳಗ ಇಳಿತದ. ಶವರ್ ಬಿಚ್ಚಿ ಬಿಳಿ ವಿನೆಗರಿನಾಗ ಒಂದೆರಡು ತಾಸು ನೆನಿ ಇಟ್ಟು ಹಳೇ ಬ್ರಶ್ಶಿಲೆ ತಿಕ್ರಿ, ನಳಕ್ಕ ಲಿಂಬಿ ಹೋಳು ಸಾಕು. ಗೀಸರ್ ಒಳಗ ನೀರು ಕಾಸೋ ಕಾಯಿಲ್‌ಗ ಸುಣ್ಣ ಕಟ್ಯಾದ, ಮೆಕ್ಯಾನಿಕ್‌ಗ ಕರದು ಬಿಚ್ಚಿಸಿ ತೊಳಸ್ರಿ, ಆಗೇ ಅದರ ಆನೋಡ್ ಕಡ್ಡಿ (ಟಾಕಿ ತುಕ್ಕು ಹಿಡಿದಂಗ ಕಾಯೋ ಕಡ್ಡಿ) ಸವದಾದೇನು ನೋಡಿ ಬದಲಿಸಲಿಕ್ಕ ಹೇಳ್ರಿ. ನೀರು ಎಷ್ಟು ಜಾಸ್ತಿ ಕಾದ್ರ ಅಷ್ಟು ಸುಣ್ಣ ಕೂಡ್ತದ, ಹಂಗಾಗಿ ಗೀಸರಿನ ಗುಂಡಿ ಪೂರ್ತಿ ತಿರುವಿ ಇಡಬ್ಯಾಡ್ರಿ, 60ಕ್ಕ ಇಟ್ರ ಸಾಕು.